ಪಾಠ ಮೊದಲು, ಮುಟ್ಟು ಆಮೇಲೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಅಶೋಕನ ಶಾಸನಗಳಿರುವ ಊರು ನಮ್ಮ ಕೊಪ್ಪಳ. ಇಂಥ ಊರಿನ ದತ್ತಿ ಉಪನ್ಯಾಸ ಎಂದರೆ ಶಾಸನ, ವಚನ, ತತ್ವಪದ ಎಂದು ನೀವು ಕಾಯುವುದು ಸಹಜ. ವಿಷಯ ಆರಿಸುವ ಸ್ವಾತಂತ್ರ್ಯವನ್ನು ದಾನಿಗಳು ನನಗೆ ಕೊಟ್ಟರು. ನಾನು ಹೆಣ್ಣುಮಕ್ಕಳ ಮೊದಲ ಮುಟ್ಟನ್ನು ಆರಿಸಿಕೊಂಡೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಈ ಜಿಲ್ಲೆಯಲ್ಲೇ ಬಾಳು ಸವೆಸಿದವಳು ನಾನು. ನನಗೆ ತಿಳಿದ ವಿಷಯಗಳಲ್ಲಿ ಇದಕ್ಕಿಂತ ತುರ್ತಿನದು ಇನ್ನೊಂದಿಲ್ಲ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಪಾಠ ಮಾಡುತ್ತಿದ್ದ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಅಧ್ಯಾಯ ಎಂಟನೇ ತರಗತಿಯಲ್ಲಿತ್ತು, ಸಂತಾನೋತ್ಪತ್ತಿಯ ಅಧ್ಯಾಯ ಹತ್ತನೆಯದರಲ್ಲಿ. ಹುಡುಗಿಯರು ಮೈನೆರೆಯುವುದು ಹೆಚ್ಚಾಗಿ ಹನ್ನೊಂದರಿಂದ ಹದಿಮೂರರ ಒಳಗೆ. ಕೆಲವರು ಹತ್ತಕ್ಕೇ ಆಗುತ್ತಾರೆ, ಕೆಲವರು ಹದಿನೈದರವರೆಗೆ ಕಾಯಬೇಕು. ಅಂದರೆ ತರಗತಿಯ ಬಹುಪಾಲು ಹುಡುಗಿಯರಿಗೆ ಆರನೆಯದರಲ್ಲೋ ಏಳನೆಯದರಲ್ಲೋ ಮುಟ್ಟು ಬಂದುಹೋಗಿರುತ್ತದೆ, ಪುಸ್ತಕ ಆಮೇಲೆ ಬರುತ್ತದೆ. ಅದೂ ಎಂಟನೆಯದಕ್ಕೆ ಊರಾಚೆಯ ಹೈಸ್ಕೂಲಿಗೆ ಹೋಗುವವರಿಗೆ ಮಾತ್ರ. ಏಳಕ್ಕೇ ಶಾಲೆ ಬಿಟ್ಟವಳ ಕೈಗೆ ಆ ಪುಟ ಬರುವುದೇ ಇಲ್ಲ.

ಹೀಗೆ ತಡವಾದ ಪಾಠದ ಬೆಲೆಯನ್ನು ಹುಡುಗಿ ಹೆದರಿಕೆಯಲ್ಲಿ ತೆರುತ್ತಾಳೆ. ಚಡ್ಡಿಯಲ್ಲಿ ರಕ್ತ ಕಂಡ ಮಗು ಮೊದಲು ತನಗೆ ಪೆಟ್ಟಾಗಿದೆ ಎಂದುಕೊಳ್ಳುತ್ತದೆ, ಆಮೇಲೆ ಏನೋ ರೋಗ ಎನ್ನುತ್ತದೆ. ಯಾರೂ ಏನೂ ಹೇಳಿರದಿದ್ದರೆ ತಾನೇ ಏನೋ ತಪ್ಪು ಮಾಡಿದೆ ಎಂಬ ತೀರ್ಮಾನಕ್ಕೆ ಬರುತ್ತದೆ. "ಅಕ್ಕೋರ, ನಾ ಸಾಯ್ತೀನೇನ್ರೀ?" ಎಂದು ನನ್ನ ಸೆರಗು ಹಿಡಿದು ಕೇಳಿದ ಆರನೇ ತರಗತಿಯ ಮಗು ಈಗ ನರ್ಸ್ ಆಗಿದ್ದಾಳೆ. ಆ ಪ್ರಶ್ನೆ ಹುಟ್ಟುವುದಕ್ಕೂ ಆಸ್ಪದ ಇರಬಾರದಾಗಿತ್ತು.

ಮನೆಯಲ್ಲಿ ಏನು ನಡೆಯುತ್ತದೆ? ನಮ್ಮ ಕಡೆ "ದೊಡ್ಡಾಕಿ ಆದ್ಲು" ಎಂದ ಕೂಡಲೇ ಸೋದರಮಾವನಿಗೆ ಸುದ್ದಿ ಹೋಗುತ್ತದೆ. ಒಣಕೊಬ್ಬರಿ, ಬೆಲ್ಲ, ಎಳ್ಳು, ಅಂಟಿನ ಉಂಡಿ ಬರುತ್ತವೆ. ಹುಡುಗಿಯನ್ನು ಹಸೆಯ ಮೇಲೆ ಕೂಡಿಸಿ ಆರತಿ ಮಾಡಿ ಉಡಿ ತುಂಬುತ್ತಾರೆ. ಇದನ್ನೆಲ್ಲ ಒಂದೇ ಮಾತಿನಲ್ಲಿ ಮೂಢನಂಬಿಕೆ ಎಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ವರ್ಷವಿಡೀ ರೊಟ್ಟಿ, ಖಾರಬ್ಯಾಳಿಯಲ್ಲೇ ಕಳೆದ ಮಗುವಿಗೆ ಕೆಲವು ದಿನವಾದರೂ ತುಪ್ಪ, ಎಳ್ಳು ದಕ್ಕುತ್ತವೆ. ಅತ್ತೆಯರು, ಚಿಗವ್ವಂದಿರು ಸುತ್ತ ಕೂತು ನಗಿಸುತ್ತಾರೆ. ಅದು ಇರಲಿ. ಬಿಡಬೇಕಾದದ್ದು ಆ ಸಡಗರದ ಜೊತೆ ಬರುವ ಸಾರಿಕೆಯನ್ನು. ಚಪ್ಪರ ಹಾಕಿ, ಕೆಲವು ಕಡೆ ಫ್ಲೆಕ್ಸ್ ಕಟ್ಟಿ, ಹನ್ನೆರಡರ ಹುಡುಗಿಯ ಮೈಯೊಳಗಿನ ಬದಲಾವಣೆಯನ್ನು ಊರಿಗೆಲ್ಲ ಹೇಳಿದರೆ ಅದನ್ನು ಕೇಳಿಸಿಕೊಳ್ಳುವವರು ಯಾರು? ಗಂಡಿನ ಕಡೆಯವರು. ಆರತಿಗೆ ಬಂದವರೇ "ಹುಡುಗಿ ನಮ್ಮ ಮನಿಗೆ ಕೊಡ್ರಿ" ಎಂದು ಮಾತು ತೆಗೆಯುತ್ತಾರೆ. ಕೊಬ್ಬರಿ ಮುಗಿಯುವ ಮೊದಲೇ ಲಗ್ನದ ಮಾತು ಶುರುವಾದ ಮನೆಗಳನ್ನು ನೀವೂ ಕಂಡಿದ್ದೀರಿ.

ಅದಕ್ಕೇ ಹೇಳುತ್ತೇನೆ: ನಮ್ಮ ಜಿಲ್ಲೆಯಲ್ಲಿ ಮೊದಲ ಮುಟ್ಟಿನ ಪಾಠ ಎಂದರೆ ಪ್ಯಾಡ್ ಬಳಸುವುದನ್ನು ಕಲಿಸುವುದಷ್ಟೇ ಆಗಲಾರದು. ಮುಟ್ಟು ಏನೆಂದು ಹೇಳಿದಷ್ಟೇ ಗಟ್ಟಿಯಾಗಿ ಅದು ಏನಲ್ಲ ಎಂದೂ ಹೇಳಬೇಕು. ಅದು ಮದುವೆಗೆ ಮೈ ಕೊಟ್ಟ ಒಪ್ಪಿಗೆ ಅಲ್ಲ, ತಾಯಿಯಾಗಲು ದೇಹ ಸಿದ್ಧವಾದ ಗುರುತೂ ಅಲ್ಲ.

ಇದನ್ನು ಮಕ್ಕಳಿಗೆ ತಿಳಿಸುವುದು ಹೇಗೆ? ಕಪ್ಪುಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದ ತಕ್ಷಣ ತಲೆಗಳು ಕೆಳಗಿಳಿಯುತ್ತವೆ. ನಾನು ಹಿಡಿದ ದಾರಿ ಬೇರೆ, ಅದು ಕುಷ್ಟಗಿ ಕಡೆಯ ಹೊಲಗಳಿಂದ ಸಿಕ್ಕದ್ದು.

ನಮ್ಮ ಜಿಲ್ಲೆಯಲ್ಲಿ ಸೀಡ್ಸ್ ಹೊಲಗಳು ಎಷ್ಟಿವೆ ಎಂಬುದು ನಿಮಗೆ ಗೊತ್ತು. ಹತ್ತಿ, ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜ ಇಲ್ಲಿ ತಯಾರಾಗಿ ದೂರದ ಊರುಗಳಿಗೆ ಹೋಗುತ್ತದೆ. ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳು ಬೇಕು, ತಾಳ್ಮೆ ಬೇಕು, ಕೂಲಿ ಕಡಿಮೆ ಇರಬೇಕು. ಹಾಗಾಗಿ ಹುಡುಗಿಯರನ್ನು ಕರೆಯುತ್ತಾರೆ. ಸಂಜೆ ಹೆಣ್ಣು ಸಾಲಿನ ಗಿಡಗಳಲ್ಲಿ ಮರುದಿನ ಅರಳಲಿರುವ ಮೊಗ್ಗು ಹುಡುಕಿ ಅದರ ಗಂಡು ಕೇಸರವನ್ನು ಉಗುರಿನಿಂದಲೋ ಚಿಮುಟದಿಂದಲೋ ತೆಗೆಯುತ್ತಾರೆ. ಬೆಳಿಗ್ಗೆ ಗಂಡು ಸಾಲಿನ ಹೂವಿನ ಪುಡಿ ತಂದು ಶಲಾಕೆಯ ತುದಿಗೆ ಸವರುತ್ತಾರೆ. ಶಾಲೆಯ ದಿನಗಳಲ್ಲಿ ಈ ಕೆಲಸಕ್ಕೆ ಮಕ್ಕಳನ್ನು ಒಯ್ಯುವುದು ಅನ್ಯಾಯ. ಹದಿನಾಲ್ಕರೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ ಎಂಬುದನ್ನೂ ಈ ವೇದಿಕೆಯಿಂದಲೇ ಹೇಳುತ್ತೇನೆ. ಆದರೆ ಆ ಹೊಲದಿಂದ ನನ್ನ ತರಗತಿಗೆ ಬಂದ ಹುಡುಗಿಗೆ ಪರಾಗ, ಅಂಡ, ಫಲ ಕಟ್ಟುವುದು ಯಾವುದೂ ಹೊಸದಲ್ಲ. ಪುಸ್ತಕ ಬರೆದವರಿಗಿಂತ ಚೆನ್ನಾಗಿ ಅವಳ ಬೆರಳಿಗೆ ಗೊತ್ತು.

ಅಲ್ಲಿಂದಲೇ ಶುರುಮಾಡುತ್ತಿದ್ದೆ. ಪುಡಿ ಸವರದ ಹೆಣ್ಣು ಹೂ ಏನಾಗುತ್ತದೆ? "ಉದುರಿ ಬೀಳ್ತೈತ್ರೀ." ಆಗ ತರಗತಿಯಲ್ಲಿ ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ಮುಂದಕ್ಕೆ ಹೇಳುತ್ತಿದ್ದೆ: ಹೊಟ್ಟೆಯ ಕೆಳಗೆ ನಿಮ್ಮ ಮುಷ್ಟಿಗಿಂತ ದೊಡ್ಡದಲ್ಲದ ಗರ್ಭಕೋಶ ಇದೆ, ಅದರ ಎರಡೂ ಬದಿಗೆ ಅಂಡಾಶಯಗಳಿವೆ. ತಿಂಗಳಿಗೊಂದರಂತೆ ಅಂಡ ಬಲಿಯುತ್ತದೆ, ಗರ್ಭಕೋಶದ ಒಳಗೋಡೆ ದಪ್ಪಗಾಗಿ ಕಾಯುತ್ತದೆ. ಅಂಡಕ್ಕೆ ಫಲ ಕಟ್ಟದಿದ್ದರೆ ಆ ಪದರ ಬೇಡವಾಗಿ ರಕ್ತದ ಜೊತೆ ಕಳಚಿ ಹೊರಬರುತ್ತದೆ. ಕೆಟ್ಟ ರಕ್ತ ಅಲ್ಲ, ಹೊಲಸು ಅಲ್ಲ. ಮೈಯ ರಕ್ತವೆಲ್ಲ ಹರಿದುಹೋಗುತ್ತದೆ ಎಂದು ಹೆದರುವ ಮಕ್ಕಳಿಗೆ ಅಳತೆ ಹೇಳಬೇಕು: ಒಂದು ಮುಟ್ಟಿನಲ್ಲಿ ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಊಟದ ದೊಡ್ಡ ಚಮಚದಲ್ಲಿ ಎರಡು ಮೂರು ಚಮಚ. ಎರಡರಿಂದ ಏಳು ದಿನ ಇರುತ್ತದೆ. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪಬಹುದು, 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಅಂಡಾಶಯಗಳು ಇನ್ನೂ ತಮ್ಮ ಕೆಲಸ ಕಲಿಯುತ್ತಿರುತ್ತವೆ, ಅದಕ್ಕೆ ಹೀಗೆ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಗಿಡ ಎಳೆಯದಿರುವಾಗ ಬಿಟ್ಟ ಮೊದಲ ಹೂಗಳನ್ನು ಏನು ಮಾಡುತ್ತೀರಿ? ಉತ್ತರ ಒಂದೇ ಉಸಿರಿನಲ್ಲಿ ಬರುತ್ತಿತ್ತು: "ಚೂಟಿ ಒಗಿತೀವ್ರೀ, ಗಿಡ ಬಲೀಲಿ ಅಂತ." ಎಳೆ ಗಿಡಕ್ಕೆ ಕಾಯಿ ಕಟ್ಟಿಸಿದರೆ ಗಿಡವೂ ಸೊರಗುತ್ತದೆ, ಬೀಜವೂ ಜೊಳ್ಳಾಗುತ್ತದೆ ಎಂಬುದು ಅವರ ಅಪ್ಪನಿಗೂ ಗೊತ್ತು, ಹೊಲದ ಸಾಹುಕಾರನಿಗೂ ಗೊತ್ತು. ಅದೇ ಅಪ್ಪ ಹದಿನಾಲ್ಕರ ಮಗಳ ವಿಷಯದಲ್ಲಿ ಅದನ್ನು ಮರೆಯುತ್ತಾನೆ. ಹೆಣ್ಣುಮಗಳು ಗಿಡವಲ್ಲ, ಫಲ ಕೊಡುವುದೇ ಅವಳ ಬಾಳಿನ ಗುರಿಯೂ ಅಲ್ಲ. ಈ ಮಾತನ್ನೂ ಅದೇ ತರಗತಿಯಲ್ಲಿ ಹೇಳಿಯೇ ಮುಂದೆ ಹೋಗಬೇಕು. ಆದರೆ ದೇಹದ ಸತ್ಯ ಇದು: ಮೊದಲ ಮುಟ್ಟು ಬಂದ ಮೇಲೂ ಹುಡುಗಿ ಕೆಲವು ಅಂಗುಲ ಎತ್ತರ ಬೆಳೆಯುತ್ತಾಳೆ. ಅವಳ ಸೊಂಟದ ಮೂಳೆಗಳು ಇನ್ನೂ ಕೆಲವು ವರ್ಷ ಅಗಲವಾಗುತ್ತ ಹೋಗುತ್ತವೆ. ಅದು ಮುಗಿಯುವ ಮುನ್ನ ಬಸಿರಾದರೆ ರಕ್ತಹೀನತೆ, ಏರುವ ರಕ್ತದೊತ್ತಡ, ನಂಜು, ತಡೆಯುವ ಹೆರಿಗೆ, ತೂಕವಿಲ್ಲದ ಕೂಸು ಎಲ್ಲವೂ ಹೆಚ್ಚು. ಮುಟ್ಟಿನ ಪಾಠವನ್ನು ಈ ಮಾತಿನವರೆಗೆ ತರದೆ ನಿಲ್ಲಿಸುವ ಶಿಕ್ಷಕಿ ಅರ್ಧ ಪಾಠ ಮಾಡಿದಂತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು. ಅದರ ಹಿಂದಿನ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಅಂದರೆ ಲೆಕ್ಕ ಅಲ್ಲಾಡಲೇ ಇಲ್ಲ. ಈ ಹೊರೆಯಲ್ಲಿ ನಮ್ಮ ಉತ್ತರದ ಜಿಲ್ಲೆಗಳ ಪಾಲು ದೊಡ್ಡದು. ನಮ್ಮದೇ ಸೀಮೆಯ, ರಾಯಚೂರು ಜಿಲ್ಲೆಯ ಮಗ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ಬಾಲ್ಯವಿವಾಹ ತಡೆಯ ಬಗ್ಗೆ 2011ರಲ್ಲಿ ವರದಿ ಕೊಟ್ಟಿತು. ಕರ್ನಾಟಕ 2016ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ನಡೆದರೆ ಅದು ಮೊದಲಿನಿಂದಲೇ ಅಸಿಂಧು ಎಂದು ಸಾರಿತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಾಲ್ಯವಿವಾಹದ ತೀರ್ಪಿನಲ್ಲಿ ಶಾಲೆಗಳಲ್ಲಿ ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣ ಇರಬೇಕೆಂದು ಹೇಳಿತು. ಕಾನೂನು ಗಟ್ಟಿಯಾಗಿದೆ. ಅದನ್ನು ಬಳಸಬೇಕಾದ ಮಗುವಿಗೆ ಮಾತ್ರ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯೂ ಗೊತ್ತಿಲ್ಲದ ಹಳ್ಳಿಗಳಿವೆ. ನನ್ನ ಮುಟ್ಟಿನ ಪಾಠದಲ್ಲಿ ಆ ಸಂಖ್ಯೆಗೆ ಹಲಗೆಯ ಮೂಲೆಯಲ್ಲಿ ಯಾವಾಗಲೂ ಜಾಗ ಇತ್ತು. ಹುಡುಗಿಯರನ್ನು ದೇವರಿಗೆ ಬಿಡುವ ದೇವದಾಸಿ ಪದ್ಧತಿಯನ್ನೂ 1982ರ ಕಾಯ್ದೆ ನಿಷೇಧಿಸಿತು. ಆ ಕುಟುಂಬಗಳಿಂದ ಬಂದ ಹುಡುಗಿಯರ ಮೇಲೆ, ಅವರು ಮೈನೆರೆವ ವಯಸ್ಸಿನಲ್ಲಿ, ಶಾಲೆಯ ಕಣ್ಣು ಇನ್ನಷ್ಟು ಎಚ್ಚರವಾಗಿರಬೇಕು.

ಈಗ ಶೌಚಾಲಯದ ಮಾತು. ಗಂಗಾವತಿ ತಾಲ್ಲೂಕಿನ ಶಾಲಾ ಹುಡುಗಿಯೊಬ್ಬಳು 2016ರಲ್ಲಿ ಮನೆಯಲ್ಲಿ ಶೌಚಾಲಯ ಬೇಕೆಂದು ಊಟ ಬಿಟ್ಟು ಕೂತಳು. ಆ ಸುದ್ದಿ ಪ್ರಧಾನಿಯವರ 'ಮನ್ ಕಿ ಬಾತ್' ವರೆಗೆ ಹೋಯಿತು. ಎಲ್ಲರೂ ಅದನ್ನು ಸ್ವಚ್ಛತೆಯ ಕತೆಯಾಗಿ ಕೇಳಿದರು. ಹದಿನಾರರ ಹುಡುಗಿಗೆ ಬಯಲು ಯಾಕೆ ಸಾಕಾಗಿ ಹೋಯಿತು ಎಂಬುದನ್ನು ಹೆಣ್ಣುಮಕ್ಕಳು ಇನ್ನೊಂದು ರೀತಿಯಲ್ಲಿಯೂ ಅರ್ಥಮಾಡಿಕೊಳ್ಳಬಲ್ಲರು: ತಿಂಗಳಲ್ಲಿ ನಾಲ್ಕೈದು ದಿನ ಬೆಳಕು ಹರಿಯುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ, ನಡುವೆ ಬಟ್ಟೆ ಬದಲಿಸಲು ಜಾಗವಿಲ್ಲ. ಶಾಲೆಗಳಲ್ಲಿ ಈಗ ಗೋಡೆ, ಬಾಗಿಲು ಇವೆ. ಹಲವು ಕಡೆ ನೀರು ಇರುವುದಿಲ್ಲ. ಗಂಗಾವತಿಯ ಕಾಲುವೆ ಪಕ್ಕದ ಶಾಲೆಗೂ ಯಲಬುರ್ಗಾದ ಎರೆಹೊಲದ ಊರಿನ ಶಾಲೆಗೂ ಬೇಸಿಗೆಯಲ್ಲಿ ಎಷ್ಟು ಅಂತರ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ನೀರಿಲ್ಲದ ಶೌಚಾಲಯಕ್ಕೆ ಹುಡುಗಿ ಹೋಗುವುದಿಲ್ಲ, ಬೆಳಗಿನಿಂದ ನೀರು ಕುಡಿಯದೆ ಇರುತ್ತಾಳೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅದು "ಗೈರು" ಎಂದಷ್ಟೇ ಕಾಣುತ್ತದೆ.

ರಾಜ್ಯದ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಟ್ಟಿತು. ಕೊರೊನಾ ಕಾಲದಿಂದ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಆರಂಭವಾಯಿತು. ಆ ನಡುವಿನ ವರ್ಷಗಳಲ್ಲಿ ಮೈನೆರೆದ ಹಲವರು ಹಳೇ ಸೀರೆಯ ಬಟ್ಟೆಯನ್ನೇ ನೆಚ್ಚಿದರು. ಬಟ್ಟೆ ತಪ್ಪಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಹತ್ತಿ ಬಟ್ಟೆಯನ್ನು ಸಾಬೂನು ಹಚ್ಚಿ ತೊಳೆದು, ನೇರ ಬಿಸಿಲಿಗೆ ಒಣಗಿಸಿ, ಆರು ಗಂಟೆಗೊಮ್ಮೆ ಬದಲಿಸಿದರೆ ಅದು ಒಳ್ಳೆಯ ಸಾಧನವೇ. ತೊಡಕು ಬಿಸಿಲಿನಲ್ಲಿದೆ. ಆ ಬಟ್ಟೆಯ ಮೇಲೆ ಹಾವು ಹರಿದರೆ, ಹಾವಿನ ಕಣ್ಣಿಗೆ ಅದು ಬಿದ್ದರೆ ದೋಷ ತಟ್ಟುತ್ತದೆ, ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಅದನ್ನು ಹಾಸಿಗೆಯ ಕೆಳಗೆ, ಜಂತಿಯ ಸಂದಿನಲ್ಲಿ ಹಸಿಯಾಗಿಯೇ ಮುಚ್ಚಿಡುತ್ತಾರೆ. ತುರಿಕೆ, ಸೋಂಕು ಬರುವುದು ಆ ಹಸಿಯಿಂದ. ಇಷ್ಟು ಬಿಸಿಲಿರುವ ಜಿಲ್ಲೆಯಲ್ಲಿ ಒಂದು ತುಂಡು ಬಟ್ಟೆಗೆ ಬಿಸಿಲು ಸಿಗದಿರುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಪ್ಯಾಡ್ ಕೊಡುವ ಕಾರ್ಯಕ್ರಮಗಳ ಬಗ್ಗೆ ನನಗೆ ಗೌರವವಿದೆ. ಆದರೆ ಫೋಟೋ ತೆಗೆಸಿಕೊಂಡು ಪೊಟ್ಟಣ ಹಂಚಿ ಹೋಗುವುದು ಪಾಠವಾಗಲಾರದು. ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ, ಹುಡುಗರನ್ನು ಹೊರಗೆ ಕಳಿಸಿ, ಪಿಸುಮಾತಿನಲ್ಲಿ ಕೊಟ್ಟಾಗ ಮಕ್ಕಳು ಪ್ಯಾಡಿನ ಜೊತೆ ನಾಚಿಕೆಯನ್ನೂ ಮನೆಗೆ ಒಯ್ಯುತ್ತಾರೆ.

ಈ ನಾಚಿಕೆಗೆ, ಮೈಲಿಗೆಗೆ ನಮ್ಮ ನೆಲದಲ್ಲೇ ಉತ್ತರ ಇದೆ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ನಿರಾಕರಿಸಿದರು: ಜನನ, ಮರಣ, ಜಾತಿ, ಎಂಜಲು, ರಜಸ್ಸು. ಇಷ್ಟಲಿಂಗ ಧರಿಸಿದ ಹೆಣ್ಣಿಗೆ ಮುಟ್ಟಿನ ದಿನವೂ ಪೂಜೆಯ ಹಕ್ಕಿದೆ ಎಂದರು. ಎಂಟುನೂರು ವರ್ಷದ ಹಿಂದೆ ಇತ್ಯರ್ಥವಾದ ಈ ಮಾತನ್ನು ಬಸವ ಜಯಂತಿಯ ದಿನ ಮೆರವಣಿಗೆಯಲ್ಲಿ ಹಾಡುವ ಮನೆಗಳಲ್ಲೇ ಸೊಸೆ ಮೂರು ದಿನ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಸಾಮಾಜಿಕ ವಿಷಯ ಹಿಡಿದು ಸಾವಿರಾರು ಮಕ್ಕಳು ಜಾಗೃತಿ ನಡಿಗೆಯಲ್ಲಿ ಹೆಜ್ಜೆ ಹಾಕುತ್ತಾರೆ. ಒಂದು ವರ್ಷ ಆ ನಡಿಗೆಯ ವಿಷಯ ರಜಸ್ಸೂತಕವೇ ಆಗಲಿ ಎಂದು ಮಠದ ಪೂಜ್ಯರಲ್ಲಿ ಈ ವೇದಿಕೆಯಿಂದ ಬೇಡಿಕೊಳ್ಳುತ್ತೇನೆ. ಮಠದ ಅಂಗಳದಲ್ಲಿ ಕೇಳಿದ ಮಾತು ಅಜ್ಜಿಯರ ಕಿವಿಗೆ ಹೋಗುತ್ತದೆ. ನಮ್ಮಂಥ ಟೀಚರುಗಳ ಮಾತು ಅಷ್ಟು ದೂರ ಹೋಗುವುದಿಲ್ಲ.

ಕನ್ನಡದಲ್ಲಿ ಹೇಳಲು ಪದಗಳಿಲ್ಲ ಎನ್ನುವವರಿಗೆ ಡಾ. ಅನುಪಮಾ ನಿರಂಜನ ಉತ್ತರ ಕೊಟ್ಟು ಹೋಗಿದ್ದಾರೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರು ಹದಿಹರೆಯದ ಹುಡುಗಿಯರಿಗೆಂದೇ 'ಕೇಳು ಕಿಶೋರಿ' ಬರೆದರು. ಶಾಲಾ ಗ್ರಂಥಾಲಯದ ಬೀರುವಿನಲ್ಲಿ ಬೀಗ ಹಾಕಿ ಇಡುವ ಪುಸ್ತಕ ಅದಲ್ಲ. ನಮ್ಮ ಹಳ್ಳಿಗಳಲ್ಲಿ ಮಹಿಳಾ ಸಮಖ್ಯಾದ ಸಂಘಗಳು, ಈಚೆಗೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್‌ನ 'ಸ್ಫೂರ್ತಿ' ಗುಂಪುಗಳು, ಕಸ್ತೂರಬಾ ವಿದ್ಯಾಲಯಗಳ ವಾರ್ಡನ್ ಅಕ್ಕಂದಿರು ಈ ಮಾತನ್ನು ಗಟ್ಟಿಯಾಗಿ ಆಡಿದ್ದಾರೆ. ಆದರೆ ಯೋಜನೆಗೆ ಕೊನೆಯ ದಿನಾಂಕ ಇರುತ್ತದೆ. ಪ್ರತಿ ವರ್ಷ ಹೊಸ ಹುಡುಗಿಯರು ಹನ್ನೊಂದಕ್ಕೆ ಕಾಲಿಡುತ್ತಾರೆ, ಆದ್ದರಿಂದ ಇದು ಶಾಲೆಯ ನಿತ್ಯದ ಕೆಲಸವೇ ಆಗಬೇಕು. ಹದಿಹರೆಯದ ಶಿಕ್ಷಣದ ಕೇಂದ್ರ ಕಾರ್ಯಕ್ರಮವನ್ನು 2007ರಲ್ಲಿ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂದು ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹದಿನಾಲ್ಕರ ಹುಡುಗಿಯ ಸೀಮಂತ ಮಾತ್ರ ಯಾರ ಸಂಸ್ಕೃತಿಗೂ ಅಡ್ಡಿಯಾಗಲಿಲ್ಲ.

ಯಾರು ಕಲಿಸಬೇಕು? ಹೆಣ್ಣು ಶಿಕ್ಷಕಿಯೇ ಇಲ್ಲದ ಶಾಲೆಗಳು ನಮ್ಮಲ್ಲಿವೆ. ಅಲ್ಲಿ ಗಂಡು ಮೇಷ್ಟ್ರೇ ಕಲಿಸಲಿ. ಅಳುಕದೆ, ನಗದೆ, ವಿಜ್ಞಾನದ ಮಾತಿನಲ್ಲಿ ಹೇಳುವ ಮೇಷ್ಟ್ರನ್ನು ಹುಡುಗಿಯರು ತಂದೆಯಂತೆ ನಂಬುವುದನ್ನು ನಾನು ಕಂಡಿದ್ದೇನೆ. ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂಡಿಸಿಕೊಳ್ಳಲಿ. ಹುಡುಗರೂ ತರಗತಿಯಲ್ಲಿ ಇರಲಿ. ಲಂಗದ ಕಲೆ ನೋಡಿ ನಗುವ ಹುಡುಗನಿಗೆ ಬೈಯುವುದಕ್ಕಿಂತ ಮೊದಲೇ ಪಾಠ ಮಾಡುವುದು ಸುಲಭ. ಅವನು ಮುಂದೆ ಗಂಡನಾಗುವವನು, ಹೆಣ್ಣುಮಗುವಿನ ಅಪ್ಪನಾಗುವವನು.

ಮುಖ್ಯೋಪಾಧ್ಯಾಯರಲ್ಲಿ ನನ್ನ ಕೋರಿಕೆ ಹೀಗಿದೆ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ತಿಂಗಳಲ್ಲೇ ಐದನೇ ತರಗತಿಯ ಹುಡುಗಿಯರಿಗೆ, ಅವರ ತಾಯಂದಿರನ್ನೂ ಕರೆಸಿ, ಈ ಪಾಠ ಆಗಲಿ. ಆರನೆಯದರಲ್ಲಿ ಮತ್ತೊಮ್ಮೆ, ಏಳನೆಯದರಲ್ಲಿ ಹುಡುಗರ ಜೊತೆ. ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆಯನ್ನು ಕೊಡುವಾಗ ಅದು ಯಾತಕ್ಕೆ ಎಂದು ಹೇಳಿ ಕೊಡಿ, ಊಟದ ನಂತರ ನುಂಗಿಸಿ, ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಂಡ ಮಗು ಮುಂದಿನ ವಾರ ಅದನ್ನು ಕಿಟಕಿಯಿಂದ ಎಸೆಯುತ್ತದೆ. ಆಫೀಸ್ ಕೋಣೆಯ ಬದಲು ಹುಡುಗಿಯರಿಗೆ ಕೈಗೆಟುಕುವ ಕಡೆ ಪ್ಯಾಡ್ ಇಡಿ. ಏಳು ದಿನ ದಾಟಿಯೂ ರಕ್ತ ನಿಲ್ಲದಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ನೆನೆಯುತ್ತಿದ್ದರೆ, ಹದಿನೈದು ತುಂಬಿದರೂ ಮುಟ್ಟೇ ಬಂದಿರದಿದ್ದರೆ, ನೋವಿನಿಂದ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕಳಿಸಿ. "ಎಲ್ಲಾರಿಗೂ ಹಂಗ ಇರ್ತೈತಿ" ಎಂದು ಸುಮ್ಮನಾಗಿಸಬೇಡಿ.

ನನ್ನ ಮಾತು ಇಲ್ಲಿಗೆ ಸಾಕು. ಬಾಗಿಲ ಬಳಿ ಒಂದು ಡಬ್ಬಿ ಇಟ್ಟಿದ್ದೇವೆ. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕಿ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆವು, ಆಗಲೇ ಅರ್ಧ ತುಂಬಿದೆ. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ತಜ್ಞೆ ಮುಂದಿನ ಸಾಲಿನಲ್ಲಿದ್ದಾರೆ, ಚಹಾ ಆದ ಮೇಲೆ ಒಂದೊಂದೇ ಚೀಟಿ ತೆಗೆದು ಇದೇ ಮೈಕಿನಲ್ಲಿ ಉತ್ತರ ಹೇಳುತ್ತಾರೆ. ಹುಡುಗರೂ ಅಪ್ಪಂದಿರೂ ಎದ್ದು ಹೋಗಬೇಡಿ.